ಸೀಬ್ರೈಟ್ ಪಾರ್ಕಿಗೆ ಹೋಗುವ ದಾರಿ

1

ಎಲ್ಲಿಂದ ಶುರುಮಾಡಲಿ? ಹೆಬ್ಬಾಗಿಲಿನಿಂದ ಎಂದರೆ ಸುಳ್ಳಾಗುತ್ತದೆ. ಬೇಲಿಯ ಕಿಂಡಿಯಿಂದ ಎಂದರೆ ಮರ್ಲ್ ಅಜ್ಜಿ ಮುನಿಸಿಕೊಳ್ಳುತ್ತಾರೆ.

(ಓದುಗರು ಎಲ್ಲಿಂದ ಬೇಕಾದರೂ ಒಳಗೆ ಬರಬಹುದು. ಟಿಕೆಟ್ ಇಲ್ಲ.)

2

ಕೈಬಿಟ್ಟ ಕರಡು: "ಕ್ವೀನ್ಸ್‌ಲ್ಯಾಂಡಿನ ಗ್ಯಾನೆಟ್ ಬೇ ಕಡಲತೀರದಲ್ಲಿ ಸೀಬ್ರೈಟ್ ಎಂಬ ಮನರಂಜನಾ ಪಾರ್ಕ್ ಇತ್ತು. ಅದರ ರಾಟವಾಳದ ದೀಪಗಳು ನಕ್ಷತ್ರಗಳಂತೆ..."

ಸಾಕು. ಅರ್ಧ ದೀಪಗಳು ಉರಿಯುತ್ತಲೇ ಇರಲಿಲ್ಲ ಎಂದು ರೀಸ್ ಹೇಳುತ್ತಿದ್ದ. ರೀಸ್ ನನ್ನ ಗಂಡ. ಹೋದ ವರ್ಷ ಮಾರ್ಚ್‌ನಲ್ಲಿ ತೀರಿಕೊಂಡ. ಈ ವಾಕ್ಯವನ್ನು ಹೇಗೆ ತಿದ್ದಿದರೂ ಇಷ್ಟೇ ಉದ್ದ ಬರುತ್ತದೆ.

4 (ಮೂರನೆಯದನ್ನು ಹರಿದೆ. ಅದರಲ್ಲಿ ಕಡಲು ಬಹಳ ಗೋಳಾಡುತ್ತಿತ್ತು.)

ಪಾರ್ಕ್ ಕಿತ್ತುಹಾಕಿ ಇಪ್ಪತ್ತೆಂಟು ವರ್ಷವಾಯಿತು. ಈಗ ಕೌನ್ಸಿಲ್ ಅಲ್ಲೊಂದು ನೆನಪಿನ ಶಿಲ್ಪ ನಿಲ್ಲಿಸುತ್ತಿದೆ: ಪಾರ್ಕಿನ ಹೆಬ್ಬಾಗಿಲು, ಉಕ್ಕಿನಲ್ಲಿ. ಕೆಳಗಿನ ಕಂಚಿನ ಫಲಕಕ್ಕೆ ನಲವತ್ತು ಪದ ಬರೆಯುವುದು ನನ್ನ ಕೆಲಸ. (ಸಾಹಿತ್ಯದಲ್ಲಿ ಎಂ.ಎ. ಮಾಡಿದ್ದಕ್ಕೆ ಊರು ಕೊನೆಗೂ ವಿಧಿಸಿದ ಶಿಕ್ಷೆ.)

ಶಿಲ್ಪಿ ಡೆಸ್ಮಂಡ್ ಕಡಲತೀರದ ಸರ್ಫ್ ಕ್ಲಬ್ಬಿನಲ್ಲಿ ಸಭೆ ಕರೆದು, ಹೆಬ್ಬಾಗಿಲಿಗೆ ಯಾವ ಬಣ್ಣವಿತ್ತು ಎಂದು ಕೇಳಿದ. ಐವತ್ತು ಜನ ಸೇರಿದ್ದರು. ಕೆಲವರು ಹಳದಿ ಅಂದರು, ಕೆಲವರು ಹಸಿರು. ಒಬ್ಬಾತ ಬಾಗಿಲೇ ಇರಲಿಲ್ಲವೆಂದು ಆಣೆ ಮಾಡಿದ. ಆಮೇಲೆ ಗುಟ್ಟು ಹೊರಬಿತ್ತು. ಬಾಗಿಲು ಪ್ರವಾಸಿಗರಿಗೆ; ಊರಿನವರೆಲ್ಲ ಮರಳುದಿಬ್ಬದ ಕಡೆಯ ತಂತಿಬೇಲಿಯ ಕಿಂಡಿಯಲ್ಲಿ ನುಸುಳಿದವರೇ.

ಹಿಂದಿನ ಸಾಲಿನಲ್ಲಿ ಕೈಚೀಲ ಅವಚಿಕೊಂಡು ಕೂತಿದ್ದವರು ಮರ್ಲ್, ರೀಸ್‌ನ ಅಜ್ಜಿ. ಇಪ್ಪತ್ತೆರಡು ವರ್ಷ ಆ ಬಾಗಿಲಲ್ಲಿ ಟಿಕೆಟ್ ಹರಿದುಕೊಟ್ಟವರು. ಮೊಮ್ಮಗನನ್ನೂ ಬಿಟ್ಟಿ ಒಳಗೆ ಬಿಟ್ಟವರಲ್ಲ.

"ನೀಲಿ," ಅಂದರು. ಯಾರೂ ನಗಲಿಲ್ಲ.

5

ನಾನು ಫಲಕಕ್ಕೆ ಕಿಂಡಿಯನ್ನೇ ಬರೆದೆ. ರೀಸ್ ಕೂಡ ಅದರಲ್ಲೇ ನುಸುಳುತ್ತಿದ್ದವನು. ನಲವತ್ತು ಪದಗಳಲ್ಲಿ ರೀಸ್‌ನನ್ನು ಒಳಗೆ ಬಿಡಲು ನನಗೆ ಬೇರೆ ದಾರಿ ಕಾಣಲಿಲ್ಲ. ಕರಡು ಒಯ್ದಾಗ ಅಜ್ಜಿ ಸ್ಕೋನ್ ಬನ್ನಿಗೆ ಜಾಮ್ ಸವರುತ್ತಿದ್ದರು.

"ಇದನ್ನ ಹೊಡ್ದಾಕು, ಇಮ್ಮಿ."

"ಊರಿಗೆಲ್ಲ ಗೊತ್ತಿರೋದೇ ಅಲ್ವಾ ಅಜ್ಜಿ?"

"ಗೊತ್ತಿರೋದು ಬೇರೆ, ಕಂಚಲ್ಲಿ ಕೆತ್ತೋದು ಬೇರೆ. ಅಷ್ಟು ವರ್ಷ ಬಾಗ್ಲು ಕಾದೋಳು ಕುರುಡಿ ಅಂತ, ನಾಯಿ ತಿರುಗ್ಸೋಕೆ ಬಂದೋರೆಲ್ಲ ಓದ್ಬೇಕಾ?"

ಅಂತ್ಯ ಒಂದು: ಫಲಕದಲ್ಲಿ ಬಾಗಿಲು ಮಾತ್ರ. ಅಜ್ಜಿಯ ಮಾನ ಉಳಿಯಿತು, ರೀಸ್ ಹೊರಗುಳಿದ.

ಅಂತ್ಯ ಎರಡು: ಕಿಂಡಿಯೂ ಬಂತು. ಅಜ್ಜಿ ಉದ್ಘಾಟನೆಗೆ ಬರಲಿಲ್ಲ.

ಎರಡನ್ನೂ ಅವರಿಗೆ ಓದಿ ಹೇಳಿದೆ. (ಪಾತ್ರಗಳಿಗೆ ಕರಡು ತೋರಿಸಬಾರದೆಂದು ನಮ್ಮ ಪ್ರೊಫೆಸರ್ ಎಚ್ಚರಿಸಿದ್ದರು.) ಅಜ್ಜಿ ಜಾಮಿನ ಚಾಕುವನ್ನು ಬಹಳ ಹೊತ್ತು ಒರೆಸಿದರು.

"ರೀಸ್ ಆಗ ಏಳು ವರ್ಷದವ್ನು. ಒಂದಿನ ತಂತಿ ತಾಗಿ ಭುಜ ಹರ್ಕೊಂಡು ಬಂದ. ಮಾರನೇ ಬೆಳಿಗ್ಗೆ ಇಕ್ಕಳ ತಗೊಂಡೋಗಿ ನಾನೇ ಆ ಕಿಂಡಿ ಅಗಲ ಮಾಡ್ದೆ. ಆಮೇಲೆ ಹೋಗಿ ಟಿಕೆಟ್ ಹರಿಯೋಕೆ ಕೂತೆ. ಫಲಕಕ್ಕೆ ಹಾಕ್ಬೇಡ."

6

ಹಾಕಲಿಲ್ಲ. ಫಲಕದಲ್ಲಿ ನೀಲಿ ಬಾಗಿಲಿದೆ, ಅದನ್ನು ಕಾದವರ ಹೆಸರಿದೆ. ಕಿಂಡಿಯನ್ನು ಇಲ್ಲಿಗೆ ತಂದಿದ್ದೇನೆ. ಇದು ಕಥೆ, ಅಜ್ಜಿ ಬೇಕಾದರೆ ಎಲ್ಲ ಸುಳ್ಳು ಅನ್ನಬಹುದು. "ಕಿಂಡಿ ಹತ್ತು ಇಂಚು ಅಗಲವಿತ್ತು" ಎಂಬಲ್ಲಿಯವರೆಗೆ ಬರೆದು, ಅವರ ಒಪ್ಪಿಗೆ ಕೇಳಿದೆ.

ಸುಳ್ಳು ಅನ್ನಲಿಲ್ಲ.

"ಹತ್ತಿಂಚಲ್ಲಿ ಬೆಕ್ಕು ನುಗ್ಗತ್ತೆ. ಅವ್ನ ಭುಜ ನೀನು ನೋಡಿಲ್ವಾ?" ಎಂದು ಎರಡೂ ಕೈ ಎತ್ತಿ ಗಾಳಿಯಲ್ಲಿ ಅಗಲ ತೋರಿಸಿದರು.

ಅಷ್ಟು ಸಾಲದು ಎಂದು ನಾನೂ ಕೈ ಎತ್ತಿ ಇನ್ನೂ ಅಗಲ ತೋರಿಸಿದೆ. ಅವರದು ಏಳು ವರ್ಷದವನ ಭುಜ, ನನ್ನದು ಮೂವತ್ತೈದರವನದು. ಅಳತೆ ಹೊಂದಲಿಲ್ಲ. ಹಾಗಾಗಿ ಅಂಕಿಯ ಜಾಗವನ್ನು ಸದ್ಯಕ್ಕೆ ಖಾಲಿ ಬಿಟ್ಟಿದ್ದೇನೆ. ಮತ್ತೆ ಇದನ್ನೆಲ್ಲ ಬರೆದದ್ದು ಹೇಗೆಂದು ಕೇಳಬೇಡಿ. ನಾವಿಬ್ಬರೂ ಇನ್ನೂ ಕೈ ಇಳಿಸಿಲ್ಲ.