ಡಿಸ್ಕ್ ಮುಟ್ಟಬೇಡಿ

ರಮಿತಾಳ ಮೈಯೆಲ್ಲ ಉರಿಯುತ್ತಿತ್ತು. ಉರಿಯದೆ ಇನ್ನೇನು! ಬಾಗಿ ಎಂಬ ಅವಳ ತಾಯಿ ಗದ್ದೆಯಲ್ಲಿ ಭತ್ತದ ನೇಜಿ ನೆಡುತ್ತ ಕಲಿತ ತುಳು ಪಾಡ್ದನದ ಹಾಡುಗಳು, ಅಷ್ಟನ್ನೂ ಡೊಂಬಿವಲಿಯ ಈ ಅಡುಗೆಮನೆಯಲ್ಲಿ ಕುಕ್ಕರಿನ ಸೀಟಿಯ ನಡುವೆಯೇ ತಾಯಿಯಿಂದ ಹಾಡಿಸಿ ರಮಿತಾ ರೆಕಾರ್ಡ್ ಮಾಡಿಟ್ಟಿದ್ದಳು. ಹೋದ ವರ್ಷ ಲಕ್ವ ಹೊಡೆದು ಬಾಗಿಯ ಮಾತು ನಿಂತಿತು. ಅಂದಿನಿಂದ ದೀಪ ಹಚ್ಚುವ ಹೊತ್ತಿಗೆ ಮುದುಕಿ ಸ್ಪೀಕರನ್ನು ಬೆರಳಿಂದ ತಟ್ಟುತ್ತಾಳೆ. ಹಾಡು ಹಾಕಿದರೆ ತನ್ನದೇ ದನಿಯ ಜೊತೆ ತುಟಿ ಆಡಿಸುತ್ತಾಳೆ. ಅವಳಿಗೆ ಉಳಿದ ಮಾತು ಅದೊಂದೇ.

ಹಾಡುಗಳು ಹಳೆಯ ಲಿನಕ್ಸ್ ಕಂಪ್ಯೂಟರಿನಲ್ಲಿ ತೆಪ್ಪಗಿದ್ದವು. ಯಾವುದು ಡಿಸ್ಕಿನಲ್ಲಿ ಎಲ್ಲಿದೆ ಎಂದು ನೋಡಿಕೊಳ್ಳುವ ಅದರ ಫೈಲ್‌ಸಿಸ್ಟಮ್ ವರ್ಷಗಟ್ಟಲೆ ತಕರಾರು ಮಾಡಿದ್ದಿಲ್ಲ. ಅದೇ ತಮ್ಮ ಯತಿನನ ಕಣ್ಣಿಗೆ ಚುಚ್ಚಿತು. ಐರೋಲಿಯಲ್ಲಿ ನೌಕರಿ, ಹೊಸದು ಕಂಡರೆ ಬಾಯಲ್ಲಿ ನೀರು. ಇನ್ನೂ ತಯಾರಾಗುತ್ತಿದ್ದ ಫೈಲ್‌ಸಿಸ್ಟಮ್ ಒಂದನ್ನು ಹೊಸ ಡಿಸ್ಕಿಗೆ ಹಾಕಿ ಎಲ್ಲವನ್ನೂ ಅಲ್ಲಿಗೆ ಸಾಗಿಸಿದ. ಇದು ಪ್ರಯೋಗದ ಹಂತದಲ್ಲಿದೆ, ಬೇರೆ ಕಡೆ ಪ್ರತಿ ಇಟ್ಟುಕೊಳ್ಳಿ ಎಂದು ಅದನ್ನು ಬರೆದವರೇ ಎಚ್ಚರಿಸಿದ್ದರು.

“ಅರೆ ಅಕ್ಕ, ಇದು ದಿನಾ ಸ್ನ್ಯಾಪ್‌ಶಾಟ್ ಅಂತ ಎಲ್ಲದರ ನಕಲು ತಾನೇ ಇಡ್ತದೆ, ಬೇರೆ ಬ್ಯಾಕಪ್ ಯಾಕೆ?” ಎಂದವನು ಹಳೆಯ ಡಿಸ್ಕ್ ಅಳಿಸಿ ತನ್ನ ಗೇಮ್ ತುಂಬಿಕೊಂಡ. ಆ ಸ್ನ್ಯಾಪ್‌ಶಾಟೂ ಅದೇ ಡಿಸ್ಕಿನಲ್ಲಲ್ಲವೇನೋ, ಪುಣ್ಯಾತ್ಮ!

ಒಂದು ದಿನ ಕರೆಂಟ್ ಹೋಗಿ ಬಂತು. ಡಿಸ್ಕ್ ತೆರೆಯಲಿಲ್ಲ.

ರಮಿತಾ ಅವನನ್ನು ಕೂರಿಸಿ ಆ ಫೈಲ್‌ಸಿಸ್ಟಮ್ ಬರೆದವರಿಗೆ ಮೇಲ್ ಹಾಕಿಸಿದಳು. ಗುರುತು ಪರಿಚಯವಿಲ್ಲದ ಯಾರೋ ಮರುದಿನವೇ ಉತ್ತರಿಸಿದ: ನಿಮ್ಮದೇನೂ ಹೋಗಿಲ್ಲ, ಈ ದೋಷ ನಮಗೆ ಗೊತ್ತು, ತಿದ್ದುತ್ತಿದ್ದೇವೆ, ಅಲ್ಲಿಯವರೆಗೆ ಡಿಸ್ಕ್ ಮುಟ್ಟಬೇಡಿ, ರಿಪೇರಿ ಕಮಾಂಡ್ ಕೊಡಲೇಬೇಡಿ. ಸಂಜೆ ಸಂಜೆ ಸ್ಪೀಕರ್ ತಟ್ಟುವ ತಾಯಿಗೆ ರಮಿತಾ, “ಬರ್ತದೆ ಅಮ್ಮ, ಸ್ವಲ್ಪ ತಾಳು” ಎನ್ನುತ್ತ ದಿನ ದೂಡಿದಳು.

ತಿದ್ದುಪಡಿ ಶನಿವಾರ ಬಂತು. ಡಿಸ್ಕ್ ತೆರೆಯಿತು. ಒಳಗೆ ಒಂದು ಹಾಡೂ ಇಲ್ಲ. ಯತಿನ್ ನೆಲ ನೋಡಿದ.

“ರಿಪೇರಿ ಕೊಟ್ಟಿದ್ಯಾ?”

“ಎಷ್ಟು ಕಾಯೋದು ಅಕ್ಕ... ಮೊನ್ನೆ ಕೊಟ್ಟು ನೋಡಿದೆ, ಎಲ್ಲ ಅಳಿಸಿಹೋಯ್ತು. ಆ ಲಿನಕ್ಸಿನವರದ್ದೇ ಭರೋಸಾ ಇಲ್ಲ. ಪುಕ್ಕಟೆ ಮಾಲು, ಮತ್ತೇನು?”

“ಬಾಯಿ ಮುಚ್ಚು! ಪುಕ್ಕಟೆ ಅಂತೆ! ಇನ್ನೂ ಪೂರ್ತಿ ಆಗಿಲ್ಲ ಅಂತ ಅವರು ಬರೆದೇ ಕೊಟ್ಟಿದ್ರು. ಮುಟ್ಟಬೇಡಿ ಅಂತ ಬಾಯಿ ಬಡ್ಕೊಂಡ್ರು. ಅಮ್ಮನ ಮುಖ ಕಂಡವರಲ್ಲ, ಆದ್ರೂ ಅವಳ ಪಾಡ್ದನ ಉಳಿಸ್ಲಿಕ್ಕೆ ಕೂತ್ರು. ಅವಳ ಹೊಟ್ಟೆಯಲ್ಲಿ ಹುಟ್ಟಿದವ ನಿನಗೆ ನಾಲ್ಕು ದಿನ ಸುಮ್ಮನೆ ಕೂರ್ಲಿಕ್ಕೆ ಆಗ್ಲಿಲ್ವಾ ಮಾರಾಯ?”

ಒಳಗಿನಿಂದ ಸ್ಪೀಕರ್ ತಟ್ಟುವ ಸದ್ದು ಬಂತು.

ರಮಿತಾ ತಮ್ಮನ ರಟ್ಟೆ ಹಿಡಿದು ಎಬ್ಬಿಸಿದಳು. “ಹೋಗು, ನೀನೇ ಹೇಳು. ಹೆದರ್ಬೇಡ, ತಿರುಗಿ ಬೈಲಿಕ್ಕೆ ಅವಳಿಗೆ ಮಾತಿಲ್ಲ.”