ಹುಲುಗಣ್ಣನ ತಮ್ಮ

ಚೆಂಡು ಹೂವಿನ ಹಾರ ಕೊರಳಿಗೆ ತಣ್ಣಗೆ ಬಿತ್ತು, ಯಾರೋ ತಪ್ಪಿ ಹಾಕಿದ್ದು, ಅಲ್ಲ, ತಪ್ಪಿ ಅಲ್ಲ, ಹಿರೇಹಡಗಲಿಯ ಈ ಮುದುಕ ದೊಡ್ಡಬೀರಪ್ಪ ನನ್ನನ್ನೇ ಹುಡುಕಿ ಹಾಕಿದ್ದು, ಅಣ್ಣನ ಎದುರಿಗೇ — ಹಡಗಲಿಯ ಈ ಪಡಸಾಲೆಗೆ ಹಾರ ಬಂತೆಂದರೆ ಅದು ಅಣ್ಣ ಹುಲುಗಣ್ಣನ ಕೊರಳಿಗೆ, ತಾಲೂಕಿಗೆಲ್ಲ ಅವನೇ ಲೀಡರು, ಬೆಳಗಾದರೆ ಐವತ್ತು ಜನ ಅರ್ಜಿ ಹಿಡಿದು ನಿಂತಿರುತ್ತಾರೆ, ನಾನು ಅಂಜಿನೇಯಲು, ತಮ್ಮ, ಪಕ್ಕದ ಪ್ಲಾಸ್ಟಿಕ್ ಕುರ್ಚಿಯವನು, ಬಂದವರಿಗೆ ಚಹಾ ಆಯಿತೇ ಎಂದು ನೋಡುವವನು — ಅವತ್ತು ನಮ್ಮೂರಾಗ ಓಟು ತಂದವರು ಇವರ ಅಲ್ಲೇನ್ರಿ ಅನ್ನುತ್ತಾನೆ ಮುದುಕ, ಅಣ್ಣ ನಗುತ್ತಾನೆ, ಹಲ್ಲಷ್ಟೇ ನಗುತ್ತವೆ, ಹೌದು, ಆ ಜಿಲ್ಲಾ ಪಂಚಾಯ್ತಿ ಚುನಾವಣೆ, ಅಣ್ಣ ಆಸ್ಪತ್ರೆಯಲ್ಲಿದ್ದ, ನಾನೇ ಹದಿನೆಂಟು ದಿನ ಊರೂರು ನಡೆದೆ, ಗೆದ್ದೆವು, ಜನ ನನ್ನನ್ನು ಹೆಗಲ ಮೇಲೆ ಹೊತ್ತರು, ಅಲ್ಲಿಂದ ಮುಂದೆ ಅಣ್ಣ ನನ್ನನ್ನು ಯಾವ ಊರಿಗೂ ಕಳಿಸಲಿಲ್ಲ, ನೀ ಮನಿ ನೋಡ್ಕೋ ಅಂದ, ಜರಿ ಶಲ್ಯ ಕೊಡಿಸಿದ, ಉಂಗುರ ಕೊಡಿಸಿದ, ಹಾಕಿಕೊಂಡೆ, ಚಂದ ಕಾಣ್ತೀರಿ ಅಂದರು ಎಲ್ಲರೂ, ಅವ್ವ ಎರ್ರೆಮ್ಮ ಕೂಡ ಹಾಗೇ ಅನ್ನುತ್ತಿದ್ದಳು, ಏಳು ವರ್ಷದವರೆಗೆ ನನಗೆ ಲಂಗ ತೊಡಿಸಿ, ಜಡೆ ಹಾಕಿ, ಈ ಮನಿಗೆ ಗಂಡು ಒಬ್ಬ ಸಾಕು — ಹೆಣ್ಣು ಬೇಕಿತ್ತೇ ಅವಳಿಗೆ, ಇಲ್ಲ ಅಣ್ಣನಿಗೆ ಎದುರಾದೇನು ಎಂಬ ಹೆದರಿಕೆಯೇ, ಇವತ್ತಿಗೂ ತಿಳಿಯದು — ಫ್ರಾನ್ಸ್ ದೇಶದ ರಾಜನ ತಮ್ಮನಿಗೂ ಹಿಂಗ ಲಂಗ ತೊಡಿಸ್ತಿದ್ರಂತಪ್ಪಾ, ಒಂದು ಯುದ್ಧ ಗೆದ್ದಮ್ಯಾಲೆ ಮತ್ತ ಸೈನ್ಯಾನ ಕೊಡ್ಲಿಲ್ಲಂತ, ಇತಿಹಾಸ ಓದುವ ಮಗಳು ಯಶೋಧಾ ನಗುತ್ತ ಹೇಳಿದ್ದಳು, ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದಳು, ಈ ಬೆಳಿಗ್ಗೆ ಮಾತ್ರ ನಗಲಿಲ್ಲ, ನಾ ಆ ಮದುವಿ ಒಲ್ಲೆಪ್ಪಾ, ದೊಡ್ಡಪ್ಪ ಕೇಳಿದ್ರ ಬ್ಯಾಡ ಅನ್ನು, ಅದೊಂದ ಮಾತು — ಯಾಕೆ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದಾರೆ, ಅಣ್ಣ ಎದ್ದು ನಿಂತಿದ್ದಾನೆ, ಕೈಯಲ್ಲಿ ಬೆಳ್ಳಿ ತಟ್ಟೆ, ಎಲೆ, ಅಡಿಕೆ, ಮುಂದಿನ ಸಾಲಿನಲ್ಲಿ ಕೂಡ್ಲಿಗಿಯ ಲೀಡರು ಜಂಬಯ್ಯ, ನಮ್ಮ ಯಶೋಧಾನ್ನ ಜಂಬಯ್ಯನ ಮಗನಿಗೆ ಕೊಡ್ತೀವಿ ಅನ್ನುತ್ತಾನೆ ಅಣ್ಣ, ಇನ್ನ ಎರಡೂ ತಾಲೂಕು ನಮ್ಮವ — ನನ್ನನ್ನು ಕೇಳಿದನೇ, ಕೇಳಿರಬೇಕು, ತಲೆ ಆಡಿಸಿದೆನೇನೋ, ಯಾವಾಗಲೂ ಆಡಿಸುವ ತಲೆ, ತಟ್ಟೆ ನನ್ನ ಕಡೆಗೆ ಬಂತು, ಹಿಡಿಲೇ ಅಂಜಿನೇಯಲು ಅನ್ನುತ್ತಾನೆ, ಏನೋ ದನಿ ಕೇಳುತ್ತಿದೆ, ಯಾರದು, ನನ್ನದೇ — ಬ್ಯಾಡಣ್ಣ, ನನ್ನ ಮಗಳು ಒಲ್ಲೆ ಅಂದಾಳ, ನಾನೂ ಒಲ್ಲೆ.

ಜಂಬಯ್ಯ ಎದ್ದು ಚಪ್ಪಲಿ ಹುಡುಕುತ್ತಿದ್ದಾನೆ, ಈಗ ಅಣ್ಣ ಬೈಯುತ್ತಾನೆ, ಹೊಡೆಯುತ್ತಾನೆ, ಇಲ್ಲ, ಬೈಯುತ್ತಿಲ್ಲ, ತಟ್ಟೆ ಚಾಚಿಕೊಂಡೇ ನಿಂತಿದ್ದಾನೆ, ಅಡಿಕೆಗಳು ಬೆಳ್ಳಿಗೆ ತಾಗಿ ಸಣ್ಣಗೆ ಟಕಟಕ ಎನ್ನುತ್ತಿವೆ, ಅಣ್ಣನ ಕೈ ನಡುಗುತ್ತಿದೆ, ಸಿಟ್ಟಿಗೋ, ವಯಸ್ಸಿಗೋ, ಎಂದಿನಿಂದ ನಡುಗುತ್ತಿದೆ ಇದು, ಪಕ್ಕದಲ್ಲೇ ಕೂತಿದ್ದೆನಲ್ಲ ಇಷ್ಟು ವರ್ಷ, ಹಿಡಿದರೆ ಒಪ್ಪಿದಂತೆ, ಹಿಡಿಯದಿದ್ದರೆ ಬಿದ್ದೀತು, ಅಣ್ಣನ ಕೈ, ಉಬ್ಬಿದ ನರ, ತಟ್ಟೆಯನ್ನಲ್ಲ, ಆ ಕೈಯನ್ನು ಹಿಡಿದರೆ —