ಉಣ್ಣೆ ಕಂಕಣ ಕಟ್ಟಿಸಿಕೊಂಡ ಟ್ರಾಲಿ

ನಾನು ಮೋಟರ್ ಸೈಕಲ್ಲಿನ ಹಿಂದೆ ಹೋಗುವ ಒಂದು ಚಿಕ್ಕ ಟ್ರಾಲಿ. ಎರಡು ಗಾಲಿ, ಒಂದು ಪೆಟ್ಟಿಗೆ, ಕೊರಳಿನಂತೆ ಮುಂದಕ್ಕೆ ಚಾಚಿದ ಕಬ್ಬಿಣದ ಮೂಕಿ. ಇಷ್ಟೇ ನನ್ನ ಮೈ. ದೇವರು ಕುರಿಗೆ ಕಾಲು ಕೊಟ್ಟ, ಹಕ್ಕಿಗೆ ರೆಕ್ಕೆ ಕೊಟ್ಟ. ನನಗೆ ಗಾಲಿ ಕೊಟ್ಟ, ಆದರೆ ನಡೆಸುವ ಶಕ್ತಿಯನ್ನು ಇನ್ನೊಬ್ಬರ ಹತ್ತಿರ ಇಟ್ಟ. ಯಾಕೆ ಹೀಗೆ ಮಾಡಿದನೋ, ಅವನಿಗೇ ಗೊತ್ತು.

ಗಜೇಂದ್ರಗಡದ ರಸ್ತೆ ಬದಿಯ ವೆಲ್ಡಿಂಗ್ ಶೆಡ್ಡೊಂದರಲ್ಲಿ ನನ್ನ ಹುಟ್ಟು. ಗೌಸುಸಾಬ ಎಂಬ ಮುದುಕ ನನ್ನನ್ನು ಮಾಡಿದ. ಗಾಲಿಗಳು ಯಾವುದೋ ಹಳೆಯ ಸ್ಕೂಟರಿನವು, ತಳದ ತಗಡು ಒಡೆದ ನೀರಿನ ಟ್ಯಾಂಕಿನದು. ಕಡೆಯಲ್ಲಿ ಅವನು ಮೋಟರ್ ಸೈಕಲ್ಲಿನ ಬೆನ್ನಿಗೆ ಒಂದು ಕೊಂಡಿ ಬೆಸೆದು, ನನ್ನ ಮೂಕಿಯ ತುದಿಯ ಬಳೆಯನ್ನು ಅದರ ಮೇಲಿಟ್ಟು, ಹೆಬ್ಬೆರಳು ದಪ್ಪದ ಕೀಲು ಇಳಿಬಿಟ್ಟ. ಟಕ್ ಎಂದಿತು. ನಾನು ಲೋಕದಲ್ಲಿ ಕೇಳಿದ ಮೊದಲ ಸದ್ದು ಅದು.

"ಹಿಂದಕ್ಕ ಮಾತ್ರ ತಳ್ಳಬ್ಯಾಡ್ರೀ. ನೀವು ಎಡಕ್ಕ ಅಂದ್ರ ಇದು ಬಲಕ್ಕ ಅಂತೈತಿ. ಥೇಟ್ ನಮ್ಮ ಮನಿಯಾಕಿನ ಹಂಗ," ಎಂದು ಗೌಸುಸಾಬ ಎಚ್ಚರಿಸಿದ.

ಕೊಂಡುಕೊಂಡವನು ಗೋಲಿ ಸೋಡಾದ ಸಿದ್ರಾಮಪ್ಪ. ಆರು ವರ್ಷ ಅವನ ಸೋಡಾ ಕ್ರೇಟುಗಳನ್ನು ಹೊತ್ತೆ. ಬಾಟಲಿಯ ಕೊರಳಲ್ಲಿ ಸಿಕ್ಕಿಕೊಂಡ ಗೋಲಿಗಳು ದಾರಿಯುದ್ದಕ್ಕೂ ಕಿಣಿಕಿಣಿ ಎನ್ನುತ್ತಿದ್ದವು. ಅವೂ ನನ್ನ ಹಾಗೆಯೇ. ಒಳಗೂ ಹೋಗುವಂತಿಲ್ಲ, ಹೊರಗೂ ಬರುವಂತಿಲ್ಲ. ನನ್ನ ಕಣ್ಣಿಗೆ ಕಾಣುತ್ತಿದ್ದುದು ಸಿದ್ರಾಮಪ್ಪನ ಬೆನ್ನು ಮತ್ತು ಒಂದು ಕೆಂಪು ದೀಪ. ಮುಂದಿನ ಊರು ಯಾವುದೆಂದು ಅದನ್ನು ದಾಟಿದ ಮೇಲಷ್ಟೇ ನನಗೆ ತಿಳಿಯುತ್ತಿತ್ತು. ಆದರೂ ಒಂದು ಸುಖವಿತ್ತು. ಗಾಡಿ ತಿರುಗಿಸಬೇಕಾದಾಗ ಅವನು ಇಳಿದು ಕೀಲು ಕೀಳುತ್ತಿದ್ದ, ನನ್ನ ಕೊರಳು ಹಿಡಿದು ಕೈಯಲ್ಲೇ ತಿರುಗಿಸುತ್ತಿದ್ದ. ಆ ಎರಡು ನಿಮಿಷ ನಾನು ಯಾರ ಹಿಂದೆಯೂ ಇರುತ್ತಿರಲಿಲ್ಲ.

ಪ್ಲಾಸ್ಟಿಕ್ ಬಾಟಲಿ ಬಂದು ಗೋಲಿ ಸೋಡಾ ಹೋಯಿತು. ನಾನು ಕುರಿಗಾರ ಮಾಳಿಂಗನ ಮೋಟರ್ ಸೈಕಲ್ಲಿನ ಹಿಂದೆ ಬಂದೆ. ಅವನ ಮನೆಯವರು ದಸರೆ ಮುಗಿದ ಮೇಲೆ ಹಿಂಡು ಹೊಡೆದುಕೊಂಡು ಹೊರಡುತ್ತಿದ್ದರು. ಊರೂರಿನ ಹೊಲಗಳಲ್ಲಿ ಗೊಬ್ಬರಕ್ಕಾಗಿ ರಾತ್ರಿ ಕುರಿ ತರುಬಿ, ಬೇಸಿಗೆ ಕಳೆದು ಮಳೆಗಾಲ ಅರ್ಧವಾದಾಗ ಮನೆ ಸೇರುತ್ತಿದ್ದರು. ಕುರಿ ಕೂಡುವ ಬಲೆ, ಕಂಬಳಿ, ಪಾತ್ರೆ, ಹಿಂಡಿನ ಜೊತೆ ನಡೆಯಲಾರದ ಎಳೆ ಮರಿಗಳು, ಎಲ್ಲವೂ ನನ್ನ ಪೆಟ್ಟಿಗೆಯಲ್ಲಿ. ಮರಿಗಳ ಬೆಚ್ಚನೆಯ ಉಸಿರು ತಗಡಿಗೆ ತಾಗಿದಾಗ, ಕಬ್ಬಿಣಕ್ಕೂ ಒಂದು ಜೀವ ಇದ್ದೀತು ಅನ್ನಿಸುತ್ತಿತ್ತು.

ಮೊದಲ ವರ್ಷವೇ ಒಂದು ತಪ್ಪಾಯಿತು. ದಿಬ್ಬದ ಇಳಿಜಾರಿನಲ್ಲಿ ಕೀಲು ಹಾರಿತು. ನಾನು ರಸ್ತೆ ಬಿಟ್ಟು ಒಬ್ಬನೇ ಓಡತೊಡಗಿದೆ. ಮುಂದೆ ಬೆನ್ನಿಲ್ಲ, ಕೆಂಪು ದೀಪವಿಲ್ಲ, ಬರೀ ಆಕಾಶ! ಸುಳ್ಳು ಯಾಕೆ ಹೇಳಲಿ, ಆ ಕ್ಷಣ ನನಗೆ ಸಂತೋಷವಾಯಿತು. ಮರುಕ್ಷಣ ತಗ್ಗಿಗೆ ಉರುಳಿ ಬಿದ್ದೆ. ಎರಡು ಮರಿಗಳು ಸತ್ತವು. ನನ್ನ ಕೊರಳೂ ಬಾಗಿತು. ಅದನ್ನು ನೆಟ್ಟಗೆ ಮಾಡಿ ಬೆಸೆದರು. ಆ ಮರಿಗಳನ್ನು ಯಾರು ಬೆಸೆದಾರು?

ಮಾಳಿಂಗನ ತಾಯಿ ಹುಲಿಗೆವ್ವ ಬಹಳ ನೊಂದಳು. ಮರು ವರ್ಷ ಹೊರಡುವ ಹೊತ್ತಿಗೆ ಕರಿ ಉಣ್ಣೆಯ ದಾರ ಹೊಸೆದು, ಕುಲದೈವ ಬೀರದೇವರ ಮುಂದಿಟ್ಟು, ಅರಿಶಿನದ ಭಂಡಾರ ಹಚ್ಚಿ, ಮದುಮಗಳ ಕೈಗೆ ಕಟ್ಟುವ ಹಾಗೆ ನನ್ನ ಕೀಲಿಗೆ ಕಂಕಣ ಕಟ್ಟಿದಳು.

"ಹಿಂಡು ಹೋಗಿ ಮನಿಗೆ ತಿರುಗಿ ಬರೂ ತನಕ ಈ ಕಂಕಣ ಬಿಚ್ಚಂಗಿಲ್ಲ, ಈ ಕೀಲು ಕೀಳಂಗಿಲ್ಲ. ಬಂದ ಮ್ಯಾಲ ನಾನ ಬಿಚ್ಚತೀನಿ. ಅಲ್ಲಿ ತನಕ ನನ್ನ ಮರಿ ನಿನ್ನ ಹೊಣಿ, ಬೀರಪ್ಪಾ."

"ಗಾಡಿ ಒಂದ ಬೇಕಾದ್ರ ಏನ್ ಮಾಡೂದವ್ವಾ?" ಎಂದ ಮಾಳಿಂಗ.

"ಜೋಡಿ ಹೋಗ್ರಿ. ಮದಿವ್ಯಾದವರು ಹೋಗೂದಿಲ್ಲೇನು?"

ಹೀಗೆ ನನ್ನ ಎರಡು ನಿಮಿಷದ ಸುಖವೂ ಹೋಯಿತು. ಮಾಳಿಂಗ ಎಲೆ ಅಡಿಕೆ ತರಲು ಹೋದರೂ ನಾನು ಹಿಂದೆ. ಗಾಡಿ ನಿಂತರೆ ನಾನೂ ಬಿಸಿಲಲ್ಲಿ ನಿಂತೆ. ಚಳಿಗಾಲ ಹೋಯಿತು, ಬೇಸಿಗೆ ಹೋಯಿತು. ಮಳೆ ಹಿಡಿಯಿತು. ಉಣ್ಣೆ ನೀರು ಕುಡಿಯಿತು; ಒಮ್ಮೆ ಕುಡಿದ ನೀರನ್ನು ಅದು ಸುಲಭವಾಗಿ ಬಿಡುವುದಿಲ್ಲ. ದಾರದ ಕೆಳಗೆ ಕೀಲು ಹಸಿಯಾಗಿಯೇ ಉಳಿಯಿತು. ತುಕ್ಕು ಮೆಲ್ಲಗೆ ಕೀಲನ್ನೂ ಬಳೆಯನ್ನೂ ಕೊಂಡಿಯನ್ನೂ ಒಂದು ಮಾಡುತ್ತಿತ್ತು. ಅದು ನನಗೆ ಗೊತ್ತಾಗುತ್ತಿತ್ತು. ಹೇಳಲು ಬಾಯಿರಲಿಲ್ಲ. ಮೇಲಿನಿಂದ ನೋಡುವವರಿಗೆ ಕಂಕಣ ಮಾತ್ರ ಕಾಣುತ್ತಿತ್ತು, ಹುಲಿಗೆವ್ವ ದಿನವೂ ಅದಕ್ಕೆ ಕೈಮುಗಿಯುತ್ತಿದ್ದಳು.

ಮನೆಗೆ ಇನ್ನು ನಾಲ್ಕು ದಿನದ ದಾರಿ ಉಳಿದಿತ್ತು. ಬೆಳಗ್ಗೆ ಕಂಬಳಿ ಮಡಿಸುವಾಗ ಹುಲಿಗೆವ್ವನಿಗೆ ಕೆಂಪು ಚೇಳು ಹೊಡೆಯಿತು. ಮೊದಲು ಉರಿ ಎಂದಳು. ಆಮೇಲೆ ಮೈಯೆಲ್ಲ ಬೆವರು, ವಾಂತಿ, ಎದೆ ಒತ್ತಿ ಹಿಡಿದಂತೆ ಉಬ್ಬಸ. ಹತ್ತಿರದ ಆಸ್ಪತ್ರೆ ಕೆರೆಯ ಆಚೆಯ ಊರಿನಲ್ಲಿ. ಮಾಳಿಂಗ ತಾಯಿಯನ್ನು ಎತ್ತಿ ನನ್ನೊಳಗೆ, ಮರಿಗಳ ನಡುವೆ ಮಲಗಿಸಿದ. ಸೊಸೆ ಕೆಂಚವ್ವ ಸೀಟಿನ ಮೇಲೆ ಹಿಂದುಮುಂದಾಗಿ ಕುಳಿತು ಅತ್ತೆಯ ಮೇಲೆ ಕಣ್ಣಿಟ್ಟಳು. ಮರಿಗಳನ್ನು ಇಳಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಕೆರೆ ಸುತ್ತುವ ರಸ್ತೆ ಹಿಡಿದರೆ ತಡವೆಂದು ಮಾಳಿಂಗ ಕೆರೆಯ ಈಚೆಯ ಊರೊಳಗಿನ ಸಂದಿಗೆ ಗಾಡಿ ತಿರುಗಿಸಿದ. ಕುರಿ ಹೊಡೆದುಕೊಂಡು ಎಷ್ಟೋ ಸಲ ದಾಟಿದ್ದ ಸಂದಿ ಅದು. ಕುರಿಗಾರ ದಾರಿಯನ್ನು ಕುರಿಯ ಮೈಯಿಂದ ಅಳೆಯುತ್ತಾನೆ. ಗಾಲಿಯಿಂದ ಅಳೆಯಲು ಅವನಿಗೆ ಯಾರು ಕಲಿಸಿದ್ದರು? ಅರ್ಧ ದಾರಿಯಲ್ಲಿ ನನ್ನ ಬಲಗಾಲಿ ಒಂದು ಮನೆಯ ಕಲ್ಲಿನ ಕಟ್ಟೆಗೂ ಎಡಪಕ್ಕ ಎದುರಿನ ಗೋಡೆಗೂ ಕಚ್ಚಿಕೊಂಡವು. ಗಾಡಿ ಹೂಂಕರಿಸಿತು. ನಾನು ಅಲುಗಲಿಲ್ಲ.

ಹಿಂದಕ್ಕೆ ತಳ್ಳೋಣವೆಂದರೆ ಹಿಂದೆ ಹಿಂಡು! ನನ್ನೊಳಗಿನ ಮರಿಗಳ ಕೂಗು ಕೇಳಿ ತಾಯಿ ಕುರಿಗಳು ಬೆನ್ನು ಹತ್ತಿದ್ದವು, ಅವುಗಳ ಹಿಂದೆ ಉಳಿದವೆಲ್ಲ. ಸಂದಿಯ ತುಂಬ ಕುರಿ. ಒಂದರ ಬಾಲಕ್ಕೆ ಇನ್ನೊಂದರ ಮೂತಿ. ಅವಕ್ಕೆ ಹಿಂದೆ ಸರಿಯುವುದು ಗೊತ್ತಿಲ್ಲ, ಗಾಡಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಕಟ್ಟೆಯ ಮನೆಯ ಶಿವಗಂಗವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಯಾರವಾ ಇವು ಕುರಿ? ನನ್ನ ಅಡಗಿ ಮನ್ಯಾಗ ಒಂದು ಹೊಕ್ಕು ರೊಟ್ಟಿ ಹಿಟ್ಟು ತಿನ್ನಾಕತ್ತೈತಿ!" ಎಂದು ಕೂಗಿದವಳು ನನ್ನೊಳಗೆ ಇಣುಕಿ ದನಿ ತಗ್ಗಿಸಿದಳು. "ಅಯ್ಯ ಶಿವನ, ಮುದುಕಿ ಮೈ ನೀರಾಗೇತಲ್ಲೋ. ಊರಾಗ ಗಾಡಿ ಇದ್ದವರೆಲ್ಲ ಸಂತಿಗೆ ಹೋಗ್ಯಾರ. ನಿಂದ ಬಿಡಿಸಿ ಒಯ್ಯೋ ತಮ್ಮಾ!"

"ಯವ್ವಾ, ಕೀಲು ಕೀಳತೀನಿ," ಎಂದ ಮಾಳಿಂಗ.

ಒಳಗಿನಿಂದ ಹುಲಿಗೆವ್ವ ಕೈ ಎತ್ತಿದಳು. "ಮುಟ್ಟಬ್ಯಾಡ. ಹಿಂಡು ಇನ್ನ ಮನಿ ಮುಟ್ಟಿಲ್ಲ. ನನ್ನೊಬ್ಬಾಕಿ ಸಲುವಾಗಿ ಮರಿಗೋಳ ಜೀವಾ ತಗೀಬ್ಯಾಡ."

ಕೀಲಿನತ್ತ ಹೋದ ಮಾಳಿಂಗನ ಕೈ ನಿಂತೇಬಿಟ್ಟಿತು. ತಾಯಿಯ ಮಾತು ಮೀರಿದವನಲ್ಲ ಅವನು. ನಾಲ್ಕೂ ಕಡೆ ಗೋಡೆ ಇದ್ದಂತಾಯಿತು. ಎರಡು ಕಲ್ಲಿನವು, ಒಂದು ಕುರಿಗಳದು, ಒಂದು ಹರಕೆಯದು.

ಕೆಂಚವ್ವ ಸೀಟಿನಿಂದ ಜಿಗಿದಳು. "ಅತ್ತಿ, ನನ್ನ ಮದಿವ್ಯಾಗ ಕಟ್ಟಿದ ಕಂಕಣ ಐದನೇ ದಿನಕ್ಕ ನೀವ ಬಿಚ್ಚಿದ್ರಿ. ನಿಮ್ಮ ಮಗನ್ನ ಬಿಟ್ಟು ಓಡಿ ಹೋದ್ನೇನು? ಓಡಿ ಹೋಗಬೇಕಿತ್ತು, ಆ ಮಾತು ಬ್ಯಾರೆ! ಹೋಗಲಿಲ್ಲಲ್ಲ? ಬೀರದೇವ್ರು ದಾರ ನೋಡಿ ಕುರಿ ಕಾಯ್ತಾನೇನು?"

ಅಷ್ಟು ಉಬ್ಬಸದಲ್ಲೂ ಹುಲಿಗೆವ್ವನ ತುಟಿ ಅರಳಿತು. "ಬಾಯಿಬಡಕಿ," ಎಂದಳು. ಮಗನತ್ತ ಕೈ ಚಾಚಿದಳು. "ಎತ್ತು ನನ್ನ. ಬಿಚ್ಚೂದಾದ್ರ ನಾನ ಬಿಚ್ಚಬೇಕು."

ಮಾಳಿಂಗ ಆಕೆಯನ್ನು ಎತ್ತಿ ಸೀಟಿನ ಮೇಲೆ ಕೂರಿಸಿದ. ಆಕೆಯ ಬೆರಳುಗಳು ನನ್ನ ಕೀಲಿನ ಮೇಲೆ ಹುಡುಕಾಡಿದವು. ನೆನೆದು ಉಬ್ಬಿದ ಗಂಟು ಬೇಗ ಸಡಿಲಲಿಲ್ಲ. "ಕಟ್ಟಿದಾಕಿನೂ ನಾನ, ಬಿಚ್ಚಾಕಿನೂ ನಾನ. ಸಿಟ್ಟಿದ್ರ ನನ್ನ ಮ್ಯಾಲಿರಲಿ ಯಪ್ಪಾ," ಎನ್ನುತ್ತ ಬಿಚ್ಚಿ, ದಾರವನ್ನು ಕಣ್ಣಿಗೊತ್ತಿಕೊಂಡಳು.

ಆಗ ಎಲ್ಲರೂ ಕೀಲನ್ನು ಕಂಡರು. ಕೀಲೆಲ್ಲಿ, ಅದು ತುಕ್ಕಿನ ಒಂದು ಮುದ್ದೆ. ಮಾಳಿಂಗ ಎಳೆದ. ಕಲ್ಲಿನಿಂದ ಬಡಿದ. ಶಿವಗಂಗವ್ವ ತಂದುಕೊಟ್ಟ ಹಾರೆಯಿಂದ ಮೀಟಿದ. ದೇವರು ಬಿಟ್ಟರೂ ತುಕ್ಕು ಬಿಡಲೊಲ್ಲದು. ಹುಲಿಗೆವ್ವನ ತಲೆ ಸೊಸೆಯ ಹೆಗಲ ಮೇಲೆ ವಾಲಿತು.

ಹಾರೆಯ ತುದಿ ನನ್ನ ಕೊರಳಿಗೆ ಬಂತು. ಉರುಳಿ ಬಿದ್ದ ದಿನ ಬಾಗಿ, ಆಮೇಲೆ ಬೆಸೆದ ಜಾಗ. ಅಲ್ಲಿ ಒಂದು ಕೂದಲೆಳೆಯ ಬಿರುಕು ಇದ್ದುದು ನನಗೊಬ್ಬನಿಗೇ ಗೊತ್ತು. ಒಂದು ಸಲ ಬಿಡುಗಡೆ ಸಿಕ್ಕಾಗ ಎರಡು ಜೀವ ತೆಗೆದಿದ್ದೆ. ಈಗ ನಾನು ದೇವರನ್ನು ಕೇಳಿಕೊಂಡದ್ದು ಇಷ್ಟೇ: ತಂದೆ, ಈ ಸಲ ನನ್ನನ್ನು ಮುರಿ. ಮಾಳಿಂಗ ಮೈಯ ಭಾರವನ್ನೆಲ್ಲ ಹಾರೆಯ ಮೇಲೆ ಹಾಕಿದ. ಕಟ್ ಎಂದು ನನ್ನ ಕೊರಳು ಮುರಿಯಿತು.

ಗಾಡಿ ಹಾರಿದಂತೆ ಹೋಯಿತು. ಮಾಳಿಂಗ, ಅವನ ಬೆನ್ನಿಗೆ ತಾಯಿ, ತಾಯಿಯನ್ನು ಅವುಚಿಕೊಂಡ ಕೆಂಚವ್ವ. ಆ ಕೆಂಪು ದೀಪ ನನ್ನನ್ನು ಬಿಟ್ಟು ದೂರವಾಗುವುದನ್ನು ಅಂದೇ ಮೊದಲು ನೋಡಿದೆ. ಶಿವಗಂಗವ್ವ ನನ್ನ ಹಿಂಬಾಗಿಲು ತೆರೆದು ಒಂದೊಂದೇ ಮರಿಯನ್ನು ಇಳಿಸಿದಳು. ಸಂದಿಯ ತುಂಬ ಚಪಚಪ ಹಾಲು ಕುಡಿಯುವ ಸದ್ದು.

ಸಂಜೆಗೆ ಕೆಂಚವ್ವ ಹಿಂಡು ಒಯ್ಯಲು ಬಂದಳು. "ಹುಶಾರಾದ್ರು. ಸೂಜಿ ಚುಚ್ಚಿದ್ದಕ್ಕ ಡಾಕ್ಟರಿಗೇ ಬೈದ್ರು," ಎಂದು ಕಣ್ಣೊರೆಸಿಕೊಂಡು ನಕ್ಕಳು. ಊರವರು ನನ್ನನ್ನು ಎತ್ತಿ ಶಿವಗಂಗವ್ವನ ಹಿತ್ತಲಿಗೆ ಒಯ್ದು ಇಟ್ಟರು. ಹಿಂಡು ಒಂದು ಮರಿಯೂ ಕಡಿಮೆಯಾಗದೆ ಮನೆ ಮುಟ್ಟಿತೆಂದು ಆಮೇಲೆ ಕೇಳಿದೆ.

ಈಗ ನನ್ನೊಳಗೆ ಸಗಣಿಯ ಕುಳ್ಳು, ಕಟ್ಟಿಗೆ. ಒಂದು ಮೂಲೆಯಲ್ಲಿ ಕೋಳಿ ಮೊಟ್ಟೆ ಇಡುತ್ತದೆ. ಮರು ವರ್ಷ ಹಿಂಡು ಇದೇ ದಾರಿಯಲ್ಲಿ ಬಂತು. ಮಾಳಿಂಗನ ಗಾಡಿಗೆ ಹೊಸ ಟ್ರಾಲಿ. ಅದಕ್ಕೆ ಹಗ್ಗವಿಲ್ಲ, ದಾರವಿಲ್ಲ, ಎಣ್ಣೆ ಬಿಟ್ಟ ಹೊಳೆಯುವ ಕೀಲು. ಹುಲಿಗೆವ್ವ ಕೋಲೂರಿಕೊಂಡು ಹಿತ್ತಲಿಗೆ ಬಂದು ನನ್ನ ಅಂಚಿನ ಮೇಲೆ ಕುಳಿತಳು. ಮುರಿದ ಕೊರಳಿಗೆ ಭಂಡಾರ ಹಚ್ಚಿದಳು.

"ಯವ್ವಾ, ಇದಕ್ಕ ಹೊಸಾ ಮೂಕಿ ಹಚ್ಚಿಸಲೇನು? ಬಲಿ, ಕಂಬಳಿ ಹೊರಾಕ ಆಕ್ಕೈತಿ," ಎಂದ ಮಾಳಿಂಗ.

ನನ್ನ ತಗಡೆಲ್ಲ ಕಿವಿಯಾಯಿತು.

"ಬ್ಯಾಡಪ್ಪಾ," ಎಂದಳು ಹುಲಿಗೆವ್ವ, ನನ್ನ ಮೈ ಸವರುತ್ತ. "ನಾ ಕಟ್ಟಿ ಹಾಕಿದೆ, ಇದು ಮುರಕೊಂಡು ನನ್ನ ಉಳಿಸ್ತು. ಇನ್ನ ಇದನ್ನ ಯಾರೂ ಎಳೀಬಾರದು. ಆರಾಮ ಕುಂದ್ರಲಿ."

ನನಗೆ ಕೂಗಬೇಕು ಅನ್ನಿಸಿತು. ಅವ್ವಾ, ಕೀಲು ಹಾಕು, ಬೇಕಿದ್ದರೆ ಕಂಕಣವನ್ನೂ ಕಟ್ಟು, ನನ್ನನ್ನು ಕರೆದುಕೊಂಡು ಹೋಗು ಎನ್ನಬೇಕು ಅನ್ನಿಸಿತು. ಆಕೆ ಎದ್ದು ನನಗೆ ಕೈಮುಗಿದು ಹೊರಟಳು. ಪ್ರೀತಿಯಿಂದ ಕೊಟ್ಟ ಬಿಡುಗಡೆಯನ್ನು ಬೇಡ ಎನ್ನಲು ಯಾವ ಬಾಯಿ ಸಾಕಾದೀತು? ಅದೂ ದೇವರ ಪ್ರಸಾದವೇ ಎಂದುಕೊಂಡು ಸುಮ್ಮನಿದ್ದೇನೆ.

ಹಿಂಡು ಸಂದಿ ದಾಟಿ ಹೋಯಿತು. ಗಂಟೆಗಳ ಸದ್ದು ಕೆರೆಯ ಆಚೆ ಕರಗಿತು. ನನ್ನ ಒಂದು ಗಾಲಿಯಲ್ಲಿ ಇನ್ನೂ ಗಾಳಿ ಇದೆ.